ಬಡಾವಣೆಯ ಗ್ರಂಥಾಲಯದ ವೆಬ್ ಆ್ಯಪ್‌ಗೆ ಸರಳವಾದ ಬ್ಯಾಕೆಂಡ್ ಯಾವುದು?

ಬಸವನಗುಡಿಯ ಓದುಗಿ

ನಮಸ್ಕಾರ. ಬಸವನಗುಡಿಯಲ್ಲಿ ನಮ್ಮ ರಸ್ತೆಯವರೇ ಸೇರಿ ನಡೆಸುವ ಪುಟ್ಟ ಗ್ರಂಥಾಲಯಕ್ಕಾಗಿ ರಿಯಾಕ್ಟ್ (ವೆಬ್ ಪುಟಗಳನ್ನು ಕಟ್ಟುವ ಕೋಡ್ ಲೈಬ್ರರಿ) ಬಳಸಿ ಒಂದು ವೆಬ್ ಆ್ಯಪ್ ಬರೆದಿದ್ದೇನೆ. ಸುಮಾರು 1,200 ಪುಸ್ತಕಗಳೂ 150 ಸದಸ್ಯರೂ ಇದ್ದು, ಭಾನುವಾರ ಬೆಳಿಗ್ಗೆ ಮಾತ್ರ ಬಾಗಿಲು ತೆರೆಯುತ್ತೇವೆ. ಮಾಹಿತಿಯೆಲ್ಲ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲೇ ಉಳಿಯುವುದರಿಂದ, ನಾನು ಎರವಲು ಕೊಟ್ಟ ಪುಸ್ತಕ ಇನ್ನೊಬ್ಬ ಸ್ವಯಂಸೇವಕರ ಫೋನಿನಲ್ಲಿ ಇನ್ನೂ ಕಪಾಟಿನಲ್ಲೇ ಇರುವಂತೆ ಕಾಣುತ್ತದೆ. ಪುಸ್ತಕಗಳ ಪಟ್ಟಿ ಎಲ್ಲರಿಗೂ ಕಾಣಬೇಕು. ಸದಸ್ಯರ ಫೋನ್ ನಂಬರ್‌ಗಳು ನಾಲ್ವರು ಸ್ವಯಂಸೇವಕರಿಗಷ್ಟೇ ಕಾಣಬೇಕು. ಸರ್ವರ್ ನಡೆಸಿದ ಅನುಭವ ನನಗಿಲ್ಲ, ತಿಂಗಳ ಖರ್ಚಿಗೆ ಹಣವೂ ಇಲ್ಲ. ಮಾಹಿತಿಯನ್ನು ಎಲ್ಲರಿಗೂ ಒಂದೇ ಕಡೆ ಇಡುವ ಬ್ಯಾಕೆಂಡ್ ಆಗಿ ಫೈರ್‌ಬೇಸ್, ಸುಪಾಬೇಸ್, ಪಾಕೆಟ್‌ಬೇಸ್ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಜಯನಗರದ ಡೆವಲಪರ್

ಮೇಡಂ, ನಾನು ಸುಪಾಬೇಸ್ ಎನ್ನುತ್ತೇನೆ. ಪುಸ್ತಕ, ಸದಸ್ಯ, ಎರವಲು ಎಂಬ ಮೂರು ಟೇಬಲ್‌ಗಳು ಒಂದಕ್ಕೊಂದು ಹೆಣೆದುಕೊಂಡಿರುವ ಲೆಕ್ಕ ನಿಮ್ಮದು. ಸುಪಾಬೇಸ್‌ನ ಒಳಗಿರುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಇದು ದಿನನಿತ್ಯದ ಕೆಲಸ. ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್‌ನಲ್ಲಾದರೆ ಸದಸ್ಯರ ಹೆಸರನ್ನು ಪ್ರತಿ ಎರವಲಿನ ದಾಖಲೆಯಲ್ಲೂ ನಕಲು ಮಾಡಿಡುವುದು ರೂಢಿ, ಹೆಸರು ತಿದ್ದಿದಾಗ ಅಷ್ಟೂ ಕಡೆ ತಿದ್ದಬೇಕಾಗುತ್ತದೆ.

ಆದರೆ ಒಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಪಾಬೇಸ್ ಜೊತೆ ಮಾತಾಡಲು ಬ್ರೌಸರ್‌ಗೆ ಕೊಡುವ ಕೀಯನ್ನು ಪುಟ ತೆರೆದ ಯಾರು ಬೇಕಾದರೂ ನೋಡಬಹುದಾದ್ದರಿಂದ, ಸದಸ್ಯರ ಟೇಬಲ್‌ಗೆ ರೋ ಲೆವೆಲ್ ಸೆಕ್ಯುರಿಟಿ (ಯಾವ ಸಾಲನ್ನು ಯಾರು ನೋಡಬಹುದೆಂಬ ನಿಯಮಗಳು, ಇವನ್ನೇ ಪಾಲಿಸಿ ಎನ್ನುತ್ತಾರೆ) ಹಾಕದಿದ್ದರೆ 150 ಮನೆಗಳ ಫೋನ್ ನಂಬರ್‌ಗಳು ಬಯಲಿಗೆ ಬಿದ್ದಂತೆಯೇ. ಆ ನಿಯಮಗಳನ್ನೆಲ್ಲ ದಾಟಿ ಹೋಗಬಲ್ಲ ಸರ್ವಿಸ್ ರೋಲ್ ಕೀಯನ್ನಂತೂ ರಿಯಾಕ್ಟ್ ಕೋಡಿನಲ್ಲಿ ಎಂದಿಗೂ ಇಡಬೇಡಿ. ಪ್ರಾಜೆಕ್ಟ್ ತೆರೆಯುವಾಗಲೇ ಮುಂಬೈ ರೀಜನ್ (ಮಾಹಿತಿ ಇರುವ ಸರ್ವರ್‌ಗಳ ಸ್ಥಳ) ಆರಿಸಿಕೊಳ್ಳಿ.

ಮಲ್ಲೇಶ್ವರದ ಮೇಷ್ಟ್ರು

ಮೇಲಿನವರ ಮಾತು ಸರಿ, ಆದರೂ ನಿಮ್ಮ ಕೊಠಡಿಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ ಎಂದಾದರೆ ಫೈರ್‌ಸ್ಟೋರ್‌ನ ಆಫ್‌ಲೈನ್ ಸೌಲಭ್ಯವನ್ನು ಪರಿಗಣಿಸಿ. ವೆಬ್‌ನಲ್ಲಿ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ಉಚಿತ ಮಿತಿ ದಿನಕ್ಕೆ 50,000 ರೀಡ್‌ಗಳು (ಒಂದು ದಾಖಲೆ ತರಿಸಿಕೊಂಡರೆ ಒಂದು ರೀಡ್). ದೊಡ್ಡ ಸಂಖ್ಯೆಯೆನಿಸುತ್ತದೆ, ಆದರೆ ಪಟ್ಟಿ ತೆರೆದಾಗಲೆಲ್ಲ 1,200 ಪುಸ್ತಕಗಳನ್ನೂ ತರಿಸಿಕೊಂಡರೆ 42ನೆಯ ಸಲಕ್ಕೆ ಅದು ಮುಗಿದುಹೋಗುತ್ತದೆ. ಇಪ್ಪತ್ತಿಪ್ಪತ್ತಾಗಿ ತರಿಸಿಕೊಳ್ಳಿ.

ವಿಜಯನಗರದಿಂದ

ಸುಪಾಬೇಸ್‌ನ ಉಚಿತ ಪ್ರಾಜೆಕ್ಟ್ ಒಂದು ವಾರ ಬಳಕೆಯಿಲ್ಲದೆ ಇದ್ದರೆ ನಿಂತುಹೋಗುತ್ತದೆ. ಭಾನುವಾರ ಮಾತ್ರ ತೆರೆಯುವ ನಿಮಗೆ ಇದು ಮುಖ್ಯ: ಹಬ್ಬಕ್ಕೆಂದು ಒಂದು ವಾರ ತಪ್ಪಿದರೂ ಡ್ಯಾಶ್‌ಬೋರ್ಡ್‌ಗೆ ಹೋಗಿ ಮತ್ತೆ ಚಾಲೂ ಮಾಡಬೇಕಾದೀತು. ಉಚಿತ ಪ್ಲ್ಯಾನ್‌ನಲ್ಲಿ ತಾನಾಗಿಯೇ ಬ್ಯಾಕಪ್ ಆಗುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ ನೀವೇ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ. ಫೇಸ್‌ಬುಕ್ ಕೊಂಡಿದ್ದ ಪಾರ್ಸ್ ಎಂಬ ಇಂಥದೇ ಸೇವೆ 2017ರ ಜನವರಿಯಲ್ಲಿ ಮುಚ್ಚಿಹೋಯಿತು. ಪೋಸ್ಟ್‌ಗ್ರೆಸ್‌ನ ಪ್ರತಿ ಕೈಯಲ್ಲಿದ್ದರೆ ಅದನ್ನು ಬೇರೆಲ್ಲಿ ಬೇಕಾದರೂ ತೆರೆಯಬಹುದು. ಪಾಕೆಟ್‌ಬೇಸ್ ಒಂದೇ ಫೈಲಿನಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಸಮೇತ ಬರುವ ಸೊಗಸಾದ ತಂತ್ರಾಂಶವೇ, ಆದರೆ ಅದನ್ನು ಓಡಿಸುವ ಸರ್ವರ್‌ನ ಹೊಣೆ ನಿಮ್ಮದಾಗುತ್ತದೆ.

ಇನ್ನೊಂದು. ಪಾಲಿಸಿಯಲ್ಲಿ "ಲಾಗಿನ್ ಆದವರು" ಎಂದಷ್ಟೇ ಬರೆದರೆ ಸಾಲದು, ಏಕೆಂದರೆ ಹೊಸದಾಗಿ ಯಾರು ಬೇಕಾದರೂ ಸೈನ್ ಅಪ್ ಮಾಡಿ ಲಾಗಿನ್ ಆಗಬಹುದು. ಸ್ವಯಂಸೇವಕರ ಪಟ್ಟಿಯನ್ನು ಬೇರೆಯಾಗಿಟ್ಟು, ಪಾಲಿಸಿ ಅದನ್ನೇ ನೋಡುವಂತೆ ಬರೆಯಿರಿ.

ಬಸವನಗುಡಿಯ ಓದುಗಿ

ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇರುವುದರಿಂದ ಸುಪಾಬೇಸ್‌ನಲ್ಲಿ ಆರಂಭಿಸುತ್ತೇನೆ. ಮೊದಲು ಸುಳ್ಳು ಹೆಸರು, ಸುಳ್ಳು ನಂಬರ್‌ಗಳನ್ನು ತುಂಬಿ, ಲಾಗಿನ್ ಆಗದ ಬ್ರೌಸರ್‌ಗೂ ಸ್ವಯಂಸೇವಕರಲ್ಲದವರ ಖಾತೆಗೂ ಸದಸ್ಯರ ಒಂದು ಸಾಲೂ ಬರುವುದಿಲ್ಲವೆಂದು ಪರೀಕ್ಷಿಸಿದ ಬಳಿಕವೇ ನಿಜವಾದ ನಂಬರ್‌ಗಳನ್ನು ಸೇರಿಸುತ್ತೇನೆ.