ಎಂಪಿ4 ಪ್ಲೇಯರ್‌ಗೆ ಎಂಪಿ4 ಫೈಲ್ ಹಾಕಿದರೂ ಓಡ್ತಿಲ್ಲ, ಏನ್ ಮಾಡೋದು?

ಬೆಣ್ಣೆದೋಸೆ87:
ನಮಸ್ಕಾರ. ನಾನಿರುವುದು ದಾವಣಗೆರೆಯಲ್ಲಿ, ಅಜ್ಜ ಚಳ್ಳಕೆರೆ ಕಡೆ ಹಳ್ಳಿಯಲ್ಲಿ. ಹೊಲದ ಮನೆಗೆ ನೆಟ್‌ವರ್ಕ್ ಬರಲ್ಲ. ಟಚ್ ಫೋನ್ ಕೊಟ್ಟರೆ "ಇದು ಮುಟ್ಟಿದ್ರೆ ಎಲ್ಲಿಗೋ ಹೋಗುತ್ತಪ್ಪ" ಅಂತ ವಾಪಸ್ ಕೊಡುತ್ತಾರೆ. ಅದಕ್ಕೇ ಗುಂಡಿ ಒತ್ತುವ, ಅಂಗೈಯಗಲದ ಎಂಪಿ4 ಪ್ಲೇಯರ್ ಒಂದು ತಂದುಕೊಟ್ಟೆ.

ನಮ್ಮೂರ ಬಯಲಾಟವನ್ನು ಚಿಕ್ಕಪ್ಪನ ಮಗ ಫೋನ್‌ನಲ್ಲಿ ಹಿಡಿದು ತನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದ. ಒಟ್ಟು ಐದು ಭಾಗ, ಒಂದೊಂದೂ ಸುಮಾರು ಒಂದು ತಾಸು. ಆಮೇಲೆ ಆ ಫೋನ್ ಕೆಟ್ಟು ಹೋಯಿತು, ಮೂಲ ವಿಡಿಯೊ ಇಲ್ಲ. ಯಾವುದೋ ಡೌನ್‌ಲೋಡ್ ಸೈಟಿನಿಂದ ಇಳಿಸಿದೆ. ವೆಬ್‌ಎಂ ಅಂತ ಬಂತು. ಹೆಸರಿನ ಕೊನೆಯನ್ನು ಎಂಪಿ4 ಅಂತ ಬದಲಿಸಿ ಕಾರ್ಡಿಗೆ ಹಾಕಿದೆ. "ಫಾರ್ಮ್ಯಾಟ್ ನಾಟ್ ಸಪೋರ್ಟೆಡ್" ಅನ್ನುತ್ತೆ. ಕಾರ್ಡ್ ಹಾಳಾಗಿದೆಯಾ?

ಕೋಟೆನಾಡು:
ಕಾರ್ಡ್ ಫಾರ್ಮ್ಯಾಟ್ ಮಾಡಿ ನೋಡಿ ಗುರು. ನನ್ನ ಕಾರ್ ಸ್ಟೀರಿಯೊದಲ್ಲಿ ಹಾಗೇ ಸರಿಹೋಯಿತು.

ಹಳೇರೇಡಿಯೊ:
ಕಾರ್ಡಿನದಲ್ಲ ತೊಂದರೆ, ಸುಮ್ನೆ ಅಳಿಸಬೇಡಿ. ಹೆಸರು ಬದಲಿಸಿದರೆ ಒಳಗಿನದು ಬದಲಾಗಲ್ಲ. ಜೋಳದ ಚೀಲದ ಮೇಲೆ ರಾಗಿ ಅಂತ ಬರೆದ ಹಾಗೆ. ವೆಬ್‌ಎಂ ಒಳಗೆ ಸಾಮಾನ್ಯವಾಗಿ ವಿಪಿ9 ಇಲ್ಲವೇ ಎವಿ1 ಕೊಡೆಕ್ (ವಿಡಿಯೊವನ್ನು ಕುಗ್ಗಿಸಿಡುವ ವಿಧಾನ) ಇರುತ್ತೆ. ಅಗ್ಗದ ಪ್ಲೇಯರ್‌ನ ಚಿಪ್‌ಗೆ ಅವು ಅರ್ಥವಾಗಲ್ಲ. ನಿಜ ಹೇಳಬೇಕೆಂದರೆ, ಡಬ್ಬಿ ಮೇಲೆ ಎಂಪಿ4 ಅಂತಿದ್ದರೂ ಇಂಥವು ಎಷ್ಟೋ ಎಂಪಿ4 ಫೈಲನ್ನೇ ಓಡಿಸಲ್ಲ.

ಒಂದು ಕೇಳ್ತೀನಿ. ಪ್ಲೇಯರ್ ಕೊಂಡಾಗ ಅದರಲ್ಲೇ ಏನಾದರೂ ವಿಡಿಯೊ ಇತ್ತಾ? ಇದ್ದರೆ ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನೋ ಉಚಿತ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ತೆರೆದು ಕಂಟ್ರೋಲ್ ಜೊತೆ ಜೆ ಒತ್ತಿ. ಕೊಡೆಕ್ ವಿವರ ಬರುತ್ತೆ. ಅದನ್ನು ಇಲ್ಲಿ ಹಾಕಿ.

ಬೆಣ್ಣೆದೋಸೆ87:
ಇತ್ತು ಸರ್, ಯಾವುದೋ ಚೀನೀ ಹುಡುಗಿಯ ಡಾನ್ಸ್. ಅಜ್ಜ ಎರಡು ದಿನ ಅದನ್ನೇ ನೋಡಿದರು. ಎವಿಐ ಫೈಲ್. ವಿಡಿಯೊ ಎಂಪೆಗ್-4, ಅಳತೆ 320×240, ಸೆಕೆಂಡಿಗೆ 25 ಫ್ರೇಮ್. ಆಡಿಯೊ ಎಂಪಿ3, 44100.

ಹಳೇರೇಡಿಯೊ:
ಮುಗೀತು ಬಿಡಿ. ಅದು ಓಡುತ್ತೆ ಅಂದಮೇಲೆ ನಿಮ್ಮದನ್ನೂ ಅದೇ ಅಚ್ಚಿಗೆ ಹೊಯ್ದರಾಯಿತು.

ಮೊದಲು ಆ ಸೈಟ್ ಬಿಡಿ. ಚಾನೆಲ್ ನಿಮ್ಮ ತಮ್ಮನದೇ ಅಲ್ವಾ? ಅವನು ಯೂಟ್ಯೂಬ್ ಸ್ಟುಡಿಯೋಗೆ ಲಾಗಿನ್ ಆಗಿ ಆ ವಿಡಿಯೊ ಪಕ್ಕದ ಮೂರು ಚುಕ್ಕೆ ಒತ್ತಿದರೆ ಡೌನ್‌ಲೋಡ್ ಸಿಗುತ್ತೆ. 720 ಅಥವಾ 360ರಲ್ಲಿ ಎಂಪಿ4 ಬರುತ್ತೆ. ನಿಮ್ಮ ಪರದೆಗೆ ಅಷ್ಟು ಧಾರಾಳ.

ಆಮೇಲೆ ವಿಎಲ್‌ಸಿಯಲ್ಲಿ ಮೀಡಿಯಾ ಮೆನುವಿನ ಕನ್ವರ್ಟ್‌ಗೆ ಹೋಗಿ. ಹೊಸ ಪ್ರೊಫೈಲ್ ಮಾಡಿ. ಎನ್‌ಕ್ಯಾಪ್ಸುಲೇಷನ್‌ನಲ್ಲಿ ಎವಿಐ, ವಿಡಿಯೊ ಎಂಪೆಗ್-4, ಬಿಟ್‌ರೇಟ್ 500, ಫ್ರೇಮ್ 25. ಆಡಿಯೊ ಎಂಪಿ3, 128, 44100. ಹೊಸ ಫೈಲಿನ ಹೆಸರಿನ ಕೊನೆಗೆ ಎವಿಐ ಅಂತ ಇಂಗ್ಲಿಷಿನಲ್ಲಿ ನೀವೇ ಟೈಪ್ ಮಾಡಿ, ಅದು ತಾನಾಗಿ ಹಾಕದೇ ಇರಬಹುದು. ತಾಸಿಗೆ ಸುಮಾರು 280 ಎಂಬಿ ಆಗುತ್ತೆ.

ಅಡಿಕೆಗೊನೆ:
ಇಷ್ಟೆಲ್ಲ ಯಾಕೆ? ಯೂಟ್ಯೂಬ್ ಪ್ರೀಮಿಯಂ ತಗೊಂಡು ಡೌನ್‌ಲೋಡ್ ಮಾಡಿ.

ಹಳೇರೇಡಿಯೊ:
ಅದು ಆ್ಯಪ್ ಒಳಗೇ ಉಳಿಯುತ್ತೆ ಅಣ್ಣ. ಕಾರ್ಡಿಗೆ ತೆಗೆದು ಹಾಕಕ್ಕೆ ಆಗಲ್ಲ.

ಬೆಣ್ಣೆದೋಸೆ87:
ಸರ್, ಓಡಿತು! ಆದರೆ ಭೀಮ ಕಡ್ಡಿ ಆಗಿದ್ದಾನೆ. ಎಲ್ಲರೂ ಉದ್ದುದ್ದ, ಬಡಕಲು. ಅಳತೆ 320×240 ಅಂತಲೇ ಕೊಟ್ಟಿದ್ದೆ.

ಹಳೇರೇಡಿಯೊ:
ಹ್ಹ ಹ್ಹ, ತಪ್ಪು ನನ್ನದೇ, ಅಳತೆ ಹೇಳಲೇ ಇಲ್ಲ. ಫೋನ್ ಅಡ್ಡ ಹಿಡಿದು ತೆಗೆದ ವಿಡಿಯೊ 16ಕ್ಕೆ 9 ಇರುತ್ತೆ. ನಿಮ್ಮ ಪರದೆ 4ಕ್ಕೆ 3. ಅಗಲ 320, ಎತ್ತರ 176 ಕೊಡಿ. ಲೆಕ್ಕಕ್ಕೆ 180 ಬರಬೇಕು, ಆದರೆ 16ರಿಂದ ಭಾಗವಾಗುವ ಸಂಖ್ಯೆಯಾದರೆ ಇಂಥ ಚಿಪ್‌ಗಳು ತಕರಾರು ಮಾಡುವುದು ಕಡಿಮೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ. ಮೊದಲು ಒಂದೇ ಭಾಗ ಮಾಡಿ ನೋಡಿ, ಐದನ್ನೂ ಒಟ್ಟಿಗೆ ಮಾಡಿ ಕೂರಬೇಡಿ.

ಬೆಣ್ಣೆದೋಸೆ87:
ಭೀಮ ಮತ್ತೆ ಮೈ ತುಂಬಿಕೊಂಡ. ಐದೂ ಭಾಗ ಕಾರ್ಡಿಗೆ ಹೋದವು. ಕನ್ನಡದ ಹೆಸರು ಚೌಕ ಚೌಕವಾಗಿ ಕಾಣುತ್ತಿತ್ತು, ಅದಕ್ಕೆ 1, 2, 3 ಅಂತ ಹೆಸರಿಟ್ಟೆ. ಅಜ್ಜನಿಗೂ ಅದೇ ಸುಲಭ.

ಭಾನುವಾರ ಊರಿಗೆ ಹೋಗಿ ಕೊಟ್ಟು ಬಂದೆ. ಅಜ್ಜ ಮೂರನೇ ಭಾಗ ಬಿಟ್ಟು ಬೇರೆ ನೋಡುತ್ತಿಲ್ಲ. ಅದರಲ್ಲಿ ಒಂದು ಕಡೆ ಮದ್ದಳೆಯವನು ತಾಳ ತಪ್ಪಿದ್ದಾನಂತೆ. ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ಅಲ್ಲಿಗೇ ತಂದು ನಿಲ್ಲಿಸಿ ತೋರಿಸುತ್ತಿದ್ದಾರೆ.