ಜತಿ ಮರೆತು ನಿಂತ ಮಗಳು: ನಿಮ್ಮ ಅನುಭವ ತಿಳಿಸಿ

ತುಮಕೂರಿನ ತಂದೆ: ಕಳೆದ ಭಾನುವಾರ ನಮ್ಮೂರಿನ ಭರತನಾಟ್ಯ ಕಾರ್ಯಕ್ರಮವೊಂದರಲ್ಲಿ ಹನ್ನೆರಡು ವರ್ಷದ ನನ್ನ ಮಗಳು ಜತಿಸ್ವರ ಎಂಬ ನೃತ್ಯದ ನಡುವೆ ಜತಿ (ಹೆಜ್ಜೆಗಳ ಜೋಡಣೆ) ಮರೆತು, ಎಂಟೆಣಿಕೆಯ ಆದಿತಾಳದ ಒಂದು ಆವರ್ತ (ಸುತ್ತು) ಪೂರ್ತಿ ಮಂಡಿ ಬಾಗಿಸಿದ ಅರೆಮಂಡಿಯಲ್ಲೇ ನಿಂತುಬಿಟ್ಟಳು. ಅಂದಿನಿಂದ ಗೆಜ್ಜೆ ಮುಟ್ಟಿಲ್ಲ. ಅವಳಿಗೆ ಆ ವಿಡಿಯೊ ತೋರಿಸಬೇಕೇ, ಬೇಡವೇ? ವೇದಿಕೆಯ ತಪ್ಪುಗಳಿಂದ ನೀವು ಕಲಿತದ್ದನ್ನು ದಯವಿಟ್ಟು ಹಂಚಿಕೊಳ್ಳಿ.

ಕೋಲಾರದ ತಾಯಿ: ನಮ್ಮದು ಮರೆವಿನ ಕಥೆಯಲ್ಲ, ಗೆಜ್ಜೆಯ ಕಥೆ. ಉಡುಪಿನ ಬಾಡಿಗೆ 1,200, ಪ್ರಸಾಧನಕ್ಕೆ 2,000, ಹೂವಿಗೆ 350, ಕಾರಿಗೆ 900, ಹೀಗೆ 4,450 ರೂಪಾಯಿ ಸುರಿದ ನಾನು, ಮುನ್ನೂರು ರೂಪಾಯಿ ಉಳಿಸುವ ಆಸೆಗೆ ಬಿದ್ದು ದಾರದಲ್ಲಿ ಪೋಣಿಸಿದ ಗೆಜ್ಜೆ ಕೊಂಡೆ. ತಿಲ್ಲಾನ ಎಂಬ ನೃತ್ಯದ ನಡುವೆ ದಾರ ಕಿತ್ತು ಗೆಜ್ಜೆಗಳು ವೇದಿಕೆಯ ತುಂಬ ಉರುಳಿದವು. ಒಂದರ ಮೇಲೆ ಕಾಲಿಟ್ಟು ಮಗಳು ಜಾರಿದಳು. ಪಾದ ಉಳುಕಿ ಮೂರು ವಾರ ಅಭ್ಯಾಸ ನಿಂತಿತು. ಈಗ ಚರ್ಮದ ಪಟ್ಟಿಗೆ ಒಂದೊಂದಾಗಿ ಹೊಲಿದ ಗೆಜ್ಜೆಯನ್ನೇ ಕಟ್ಟಿಸುತ್ತೇನೆ, ಹಿಂದಿನ ರಾತ್ರಿ ಪ್ರತಿಯೊಂದನ್ನೂ ಎಳೆದು ನೋಡುತ್ತೇನೆ.

ಚಿಂತಾಮಣಿಯ ಹಳೆಯ ವಿದ್ಯಾರ್ಥಿನಿ: ನನ್ನ ರಂಗಪ್ರವೇಶದಲ್ಲಿ ವರ್ಣ ಎಂಬ ದೊಡ್ಡ ನೃತ್ಯದ ಚರಣಕ್ಕೆ ಬಂದಾಗ ಎಡುಪು (ತಾಳದಲ್ಲಿ ಸಾಲು ಎತ್ತಿಕೊಳ್ಳುವ ಜಾಗ) ತಪ್ಪಿ, ಅರ್ಧ ಎಣಿಕೆ ಮೊದಲೇ ಎತ್ತಿಕೊಂಡೆ. ಹಾಡುತ್ತಿದ್ದವರು ಅದೇ ಸಾಲನ್ನು ಮತ್ತೊಮ್ಮೆ ಹಾಡಿ ಕಾಪಾಡಿದರು. ಕಾರಣ ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು: ನಾನು ಸದಾ ಕನ್ನಡಿಯ ಎದುರು ಅಭ್ಯಾಸ ಮಾಡಿದ್ದೆ, ಎಣಿಕೆಯನ್ನು ಕಿವಿಗೆ ಒಪ್ಪಿಸದೆ ಕಣ್ಣಿಗೆ ಒಪ್ಪಿಸಿದ್ದೆ. ಆಮೇಲೆ ಕನ್ನಡಿಗೆ ಬೆನ್ನು ಹಾಕಿ, ಕೈಯಲ್ಲಿ ತಾಳ ಹಾಕುತ್ತ ಸೊಲ್ಲುಕಟ್ಟನ್ನು (ಹೆಜ್ಜೆಗೆ ಹೇಳುವ ತಾಳದ ಸೊಲ್ಲುಗಳನ್ನು) ಬಾಯಿಬಿಟ್ಟು ಹೇಳಿ, ಜತಿಯನ್ನು ಮೊದಲಿನಿಂದಲ್ಲದೆ ನಡುವಿನಿಂದಲೂ ಎತ್ತಿಕೊಳ್ಳುವುದನ್ನು ರೂಢಿಸಿಕೊಂಡೆ. ಮೊದಲಿನಿಂದ ಮಾತ್ರ ಬರುವ ಪಾಠ ವೇದಿಕೆಯಲ್ಲಿ ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ.

ಗೌರಿಬಿದನೂರಿನ ಶಿಕ್ಷಕಿ: ಮೂಲ ಕಾರಣವನ್ನು ಯಾರೂ ಹೇಳುತ್ತಿಲ್ಲ. ಟ್ರ್ಯಾಕ್ ಹಾಕಿ ಕುಣಿಸುವುದೇ ತಪ್ಪು. ಮಗು ತಪ್ಪಿದರೆ ನಟುವಾಂಗದವರು (ತಾಳ ತಟ್ಟಿ ಸೊಲ್ಲು ಹೇಳಿ ನೃತ್ಯ ನಡೆಸುವವರು) ಕಾಯುತ್ತಾರೆ, ಧ್ವನಿಮುದ್ರಣ ಕಾಯುವುದಿಲ್ಲ. ಅದರಲ್ಲೂ ಜತಿಸ್ವರದಲ್ಲಿ ಸಾಹಿತ್ಯವಿಲ್ಲ, ಅಭಿನಯವಿಲ್ಲ. ವರ್ಣದಲ್ಲಿ ಸಾಲಿನ ಅರ್ಥವನ್ನು ಅಭಿನಯದಲ್ಲಿ ಬಿಡಿಸುವ ಸಂಚಾರಿಯಲ್ಲಾದರೆ ಮರೆತದ್ದನ್ನು ಭಾವದಲ್ಲಿ ಮುಚ್ಚಬಹುದು, ಇಲ್ಲಿ ತಪ್ಪಿದ ಹೆಜ್ಜೆ ಬೆತ್ತಲೆಯಾಗಿ ಕಾಣುತ್ತದೆ. ಉಡುಪಿಗೆ ಸಾವಿರಗಟ್ಟಲೆ ಕೊಡುವ ಪೋಷಕರು ಮೃದಂಗದವರ ಸಂಭಾವನೆ ಎಂದೊಡನೆ ಮುಖ ತಿರುಗಿಸುತ್ತಾರೆ.

ಕೋಲಾರದ ತಾಯಿ: ಈ ಮಾತು ನನಗೇ ಹೇಳಿದ್ದೆಂದು ತಿಳಿಯುತ್ತದೆ. ಪಕ್ಕವಾದ್ಯದವರನ್ನು ಬೆಂಗಳೂರಿನಿಂದ ಕರೆಸಿದರೆ ಸಂಭಾವನೆ, ಪ್ರಯಾಣ, ಊಟ, ಎರಡು ಪೂರ್ವಾಭ್ಯಾಸ ಎಲ್ಲ ಸೇರಿ ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಿ. ಉಡುಪನ್ನು ಇಂಥ ಅಂಗಡಿಯಲ್ಲೇ ತರಬೇಕೆಂದು ಕಟ್ಟಪ್ಪಣೆ ಮಾಡಿದವರು ನಮ್ಮ ಶಿಕ್ಷಕಿಯೇ ಹೊರತು ನಾನಲ್ಲ.

ಗೌರಿಬಿದನೂರಿನ ಶಿಕ್ಷಕಿ: ನಿಮ್ಮ ಶಿಕ್ಷಕಿಯ ಲೆಕ್ಕವನ್ನು ನನ್ನ ಮೇಲೆ ಬರೆಯಬೇಡಿ. ಅಂದ ಹಾಗೆ, ಪೂಜೆ ಮಾಡಿ ಕಟ್ಟುವ ಗೆಜ್ಜೆಗೆ ಚರ್ಮವೇಕೆ? ಗಟ್ಟಿ ಹತ್ತಿಯ ಹುರಿಯಲ್ಲಿ ಗಂಟು ಹಾಕಿ ಕೋದದ್ದು ನನ್ನಲ್ಲಿ ಹದಿನೆಂಟು ವರ್ಷದಿಂದ ಇದೆ.

ಕೋಲಾರದ ತಾಯಿ: ಮೃದಂಗಕ್ಕೆ ಚರ್ಮ ಆಗಬಹುದು, ಗೆಜ್ಜೆಗೆ ಆಗಬಾರದೇ?

ಶಿರಾದ ಸಮೂಹ ನರ್ತಕ: ಎಂಟು ಜನರ ಸಾಲಿನಲ್ಲಿ ನಾನೊಬ್ಬನೇ ಬಲಕ್ಕೆ ತಿರುಗಿದ್ದೆ. ನಾಚಿಕೆಯಿಂದ ಎರಡು ತಿಂಗಳು ವಿಡಿಯೊ ನೋಡಲಿಲ್ಲ. ನೋಡಿದಾಗ ತಿಳಿದದ್ದು, ತಪ್ಪು ನಾಲ್ಕು ಸೆಕೆಂಡಿನದು. ಆದರೆ ನಾಲಿಗೆ ಕಚ್ಚಿಕೊಂಡು, ಪಕ್ಕದವನ ಕಾಲನ್ನೇ ನೋಡುತ್ತ ಉಳಿದ ಮೂರು ನಿಮಿಷ ಕುಣಿದಿದ್ದೆ. ಜನ ನಕ್ಕದ್ದು ಅದಕ್ಕೆ.

ತುಮಕೂರಿನ ತಂದೆ: ಎಲ್ಲರಿಗೂ ವಂದನೆಗಳು. ಅಂದು ಟ್ರ್ಯಾಕ್ ಇರಲಿಲ್ಲ. ನಟುವಾಂಗಕ್ಕೆ ಅವಳ ಗುರುಗಳೇ ಕೂತಿದ್ದರು, ಅವಳು ನಿಂತ ಆವರ್ತವಿಡೀ ಸೊಲ್ಲು ಹೇಳುತ್ತಲೇ ಇದ್ದರು. ಶಿರಾದವರು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ವಿಡಿಯೊ ತಾನೊಬ್ಬಳೇ ನೋಡುವುದಾಗಿ ಹೇಳಿ ಫೋನು ತೆಗೆದುಕೊಂಡು ಒಳಗೆ ಹೋಗಿದ್ದಾಳೆ.

ಗೌರಿಬಿದನೂರಿನ ಶಿಕ್ಷಕಿ: ನಟುವಾಂಗವಿದ್ದೂ ಮಗು ನಿಂತಿತೆಂದರೆ ಗುರುಗಳು ಸೊಲ್ಲನ್ನು ಯಾವ ಕಾಲದಲ್ಲಿ (ವೇಗದಲ್ಲಿ) ಹೇಳಿದರು ಎಂಬುದನ್ನು ಮೊದಲು ತಿಳಿಸಿ.

ಕೋಲಾರದ ತಾಯಿ: ಗೆಜ್ಜೆ ಯಾವುದೆಂಬುದನ್ನೂ ತಿಳಿಸಿ.