ಪದಚರ್ಚೆ: ಜಾಂಬಿ ಕಥೆಯೊಂದಕ್ಕೆ ‘ವಜ್ಜೆ ಹತಾರ’ ನಡೆಯುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ನೇರವಾಗಿ ಪ್ರಶ್ನೆಗೇ ಬರುತ್ತೇನೆ. ಇಂಗ್ಲಿಷಿನಲ್ಲಿ ‘ಇಂಪ್ರೊವೈಸ್ಡ್ ಹೆವಿ ವೆಪನ್’ ಅನ್ನುತ್ತಾರಲ್ಲ, ಅದಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರ ಬಾಯಲ್ಲಿ ನಿಲ್ಲುವ ಮಾತು ಯಾವುದು? ನಾನು ಕೇಳುತ್ತಿರುವುದು ಸೈನ್ಯದ ಆಯುಧದ ಹೆಸರಲ್ಲ. ಊರಲ್ಲಿ ಇದ್ದ ಸಾಮಾನಿನಿಂದಲೇ, ಇಕ್ಕಟ್ಟಿನ ಹೊತ್ತಲ್ಲಿ, ಹೇಗೋ ಹೊಂದಿಸಿಕೊಂಡ ದೊಡ್ಡ ಆಯುಧದ ಹೆಸರು.

ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಸತ್ತವರು ಎದ್ದು ಊರ ಮೇಲೆ ಬೀಳುವ ಕಥೆ. ನಡೆಯುವುದು ಬಳ್ಳಾರಿಯಲ್ಲಿ. ಉಳಿದ ಜನ ಬಳ್ಳಾರಿ ಗುಡ್ಡದ ಕೋಟೆ ಸೇರುತ್ತಾರೆ. ಸಂಡೂರಿನ ಗಣಿಯಿಂದ ಹಿಟಾಚಿ ಬರುತ್ತದೆ, ಸಿರುಗುಪ್ಪದ ಗದ್ದೆಯಿಂದ ಟ್ರ್ಯಾಕ್ಟರ್ ಬರುತ್ತದೆ, ಮನೆಮನೆಯಿಂದ ಹಾರೆ, ಸಮ್ಮಟಿ, ಒನಕೆ ಬರುತ್ತವೆ. ಕಥೆ ಪೂರ್ತಿ ಕಲ್ಪನೆ. ಆದರೆ ಇದನ್ನು ಓದುವ ಬಳ್ಳಾರಿಯವರಿಗೆ ‘ಹೌದು, ನಮ್ಮೂರಲ್ಲಿ ಹಿಂಗಾದರೆ ಹಿಂಗೇ ಮಾತಾಡ್ತಿದ್ದರು’ ಅನ್ನಿಸಬೇಕು. ಅದು ನನಗೆ ತುಂಬಾ ಮುಖ್ಯ.

‘ಜಾಂಬಿ’ಯನ್ನು ಹಾಗೇ ಇಟ್ಟುಕೊಂಡಿದ್ದೇನೆ. ಅದರ ಬೇರು ಹೈಟಿಯ ಜನರ ನಂಬಿಕೆಯಲ್ಲಿದೆ, ಅಲ್ಲಿಂದ ಅಮೆರಿಕದ ಸಿನಿಮಾಗಳಿಗೆ ಬಂತು. 2011ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಜನರಿಗೆ ತುರ್ತು ತಯಾರಿ ಕಲಿಸಲು ಜಾಂಬಿಯ ಹೆಸರು ಬಳಸಿಕೊಂಡಿತು. ನಮ್ಮ ‘ಬೇತಾಳ’ ಹೆಣದೊಳಗೆ ಸೇರುವುದರಿಂದ ಹತ್ತಿರದ್ದೇ. ಆದರೆ ಬೇತಾಳ ಜಾಣ. ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ. ಜಾಂಬಿಗೆ ಮಾತೇ ಇಲ್ಲ. ಆದ್ದರಿಂದ ಬೇತಾಳ ಬೇಡ. ಇದರ ಬಗ್ಗೆ ನನಗೆ ಚರ್ಚೆ ಬೇಕಿಲ್ಲ.

ಚರ್ಚೆ ಬೇಕಿರುವುದು ಆಯುಧದ ಬಗ್ಗೆ.

ಮೊದಲು ‘ಇಂಪ್ರೊವೈಸ್ಡ್’ ನೋಡೋಣ. ಪತ್ರಿಕೆಗಳಲ್ಲಿ ‘ಸುಧಾರಿತ ಸ್ಫೋಟಕ’ ಅಂತ ನಾವೆಲ್ಲ ಓದಿದ್ದೇವೆ. ಸುಧಾರಿತ ಅಂದರೆ ಮೊದಲಿಗಿಂತ ಉತ್ತಮ ಆದದ್ದು. ಸುಧಾರಿತ ತಳಿ, ಸುಧಾರಿತ ಬೇಸಾಯ ಅನ್ನುತ್ತೇವಲ್ಲ, ಹಾಗೆ. ಇಕ್ಕಟ್ಟಿನಲ್ಲಿ ಕೈಗೆ ಸಿಕ್ಕಿದ್ದರಿಂದ ಮಾಡಿಕೊಂಡ ವಸ್ತುವಿಗೆ ಈ ಮಾತು ಹೇಗೆ ಹೊಂದುತ್ತದೆ? ಇಲ್ಲಿ ಉತ್ತಮಪಡಿಸಿದ್ದು ಏನೂ ಇಲ್ಲ. ಯಾರೋ ಅವಸರದಲ್ಲಿ ‘ಇಂಪ್ರೊವೈಸ್ಡ್’ ಅನ್ನು ‘ಇಂಪ್ರೂವ್ಡ್’ ಅಂತ ಓದಿಕೊಂಡಂತೆ ಕಾಣುತ್ತದೆ, ಅದೇ ರೂಢಿಗೆ ಬಿದ್ದಿದೆ. ಸುದ್ದಿಯಲ್ಲಿ ಅದನ್ನು ಈಗ ಬದಲಿಸುವುದು ಕಷ್ಟ. ಕಥೆಯಲ್ಲಿ ಮಾತ್ರ ಅದು ಕಾಲಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ತಾತ್ಕಾಲಿಕ ಆಯುಧ’ ಅಂದರೂ ಸರಿಹೋಗದು. ಅದು ಕಾಲಾವಧಿಯ ಮಾತು, ತಯಾರಿಯ ಮಾತಲ್ಲ.

ಇನ್ನು ‘ಹೆವಿ’. ಪಡೆಯವರ ಲೆಕ್ಕದಲ್ಲಿ ಹೆವಿ ಅಂದರೆ ಸಾಮಾನ್ಯವಾಗಿ ಒಬ್ಬ ಸಿಪಾಯಿ ಹೊತ್ತು ಓಡಾಡಲು ಆಗದ್ದು. ಇದಕ್ಕೆ ‘ಭಾರಿ’ ಬರೆದರೆ ಏನಾಗುತ್ತದೆ ನೋಡಿ. ಭಾರಿ ಮಳೆ, ಭಾರಿ ಜನ, ಭಾರಿ ಚಲೋ. ಈ ಮಾತಿನಲ್ಲಿ ತೂಕ ಉಳಿದೇ ಇಲ್ಲ, ‘ಬಹಳ’ ಅನ್ನುವ ಅರ್ಥ ಮಾತ್ರ ಉಳಿದಿದೆ. ‘ಭಾರಿ ಆಯುಧ’ ಅಂತ ಓದಿದವರಿಗೆ ‘ಜೋರಾದ ಆಯುಧ’ ಅಂತ ಕೇಳಿಸುತ್ತದೆ. ತೂಕಕ್ಕೆ ನಮ್ಮ ಕಡೆ ಜನ ಆಡುವ ಮಾತು ‘ವಜ್ಜೆ’. ‘ಚೀಲ ವಜ್ಜಿ ಐತಿ, ಇಬ್ಬರು ಹಿಡೀರಿ’ ಅನ್ನುತ್ತಾರೆ. ತೋಳಿಗೆ ತಾಗುವ ಭಾರ ಅದು. ಓದಿದರೇ ಭುಜ ಬಗ್ಗುತ್ತದೆ. ನನ್ನ ಕಥೆಗೆ ಬೇಕಾದದ್ದು ಅದೇ.

‘ವೆಪನ್’ಗೆ ಆಯುಧ, ಶಸ್ತ್ರ, ಅಸ್ತ್ರ ಎಲ್ಲಾ ಇವೆ. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಎಸೆಯುವುದು ಅಸ್ತ್ರ ಅಂತ ಹಳೆಯ ವಿಂಗಡಣೆ. ಪೊಲೀಸ್ ಸುದ್ದಿಯಲ್ಲಿ ಮಚ್ಚು, ಲಾಂಗು ಎಲ್ಲವೂ ‘ಮಾರಕಾಸ್ತ್ರ’ ಆಗಿಬಿಟ್ಟಿರುವುದರಿಂದ ಆ ವಿಂಗಡಣೆ ಈಗ ನಿಂತಿಲ್ಲ. ಇವನ್ನೆಲ್ಲ ಪಕ್ಕಕ್ಕಿಟ್ಟು ನಾನು ‘ಹತಾರ’ದ ಕಡೆ ವಾಲಿದ್ದೇನೆ. ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು.

ಹಿಂದಿಯಲ್ಲಿ ‘ಹಥಿಯಾರ್’ ಅಂದರೆ ಆಯುಧ. ಕೆಲಸದ ಸಾಮಾನಿಗೆ ಅವರಲ್ಲಿ ಬೇರೆ ಮಾತಿದೆ, ‘ಔಜಾರ್’. ಅದೇ ಹಥಿಯಾರ್ ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಹತಾರ’, ‘ಹತ್ಯಾರ’ ಆಯಿತು. ಇಲ್ಲಿ ಬಡಿಗೇರರ ಬಾಚಿ, ಉಳಿ ಹತ್ಯಾರ. ಕಮ್ಮಾರರ ಸುತ್ತಿಗೆ, ಇಕ್ಕಳ ಹತ್ಯಾರ. ಹೊಡೆದಾಟಕ್ಕೆ ಹಿಡಿದದ್ದೂ ಹತ್ಯಾರವೇ. ಒಂದೇ ಮಾತು ಎರಡೂ ಕಡೆ ಕಾಲಿಟ್ಟಿದೆ. ಕೆಲಸದ ಸಾಮಾನು ಆಯುಧವಾಗುವ ಕಥೆಗೆ ಇದಕ್ಕಿಂತ ತಕ್ಕ ಮಾತು ಸಿಗುತ್ತದಾ? ‘ಇಂಪ್ರೊವೈಸ್ಡ್’ ಅನ್ನುವುದನ್ನು ಬೇರೆ ಹೇಳುವ ಅಗತ್ಯವೇ ಬೀಳುವುದಿಲ್ಲ, ಅದು ಪದದ ಒಳಗೇ ಇದೆ. ಆಯುಧಪೂಜೆಯ ದಿನ ನಾವು ಮಾಡುವುದೂ ಇದನ್ನೇ ಅಲ್ವಾ. ಅವತ್ತು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನಿಗೂ ಪೂಜೆ, ಲೇತ್ ಮಿಷನ್ನಿಗೂ ಪೂಜೆ, ಟಿಪ್ಪರ್ ಲಾರಿಗೂ ಪೂಜೆ.

ಒನಕೆಯನ್ನು ಇಲ್ಲಿ ನೆನೆಯಲೇಬೇಕು. ನೆರೆಯ ಚಿತ್ರದುರ್ಗದಲ್ಲಿ ಹೈದರಾಲಿಯ ಸೈನಿಕರು ಕಿಂಡಿಯಿಂದ ಒಳನುಸುಳುವಾಗ ಓಬವ್ವ ಎತ್ತಿದ್ದು ಭತ್ತ ಕುಟ್ಟುವ ಒನಕೆ. ಅದಕ್ಕೆ ಜನ ‘ವೀರಾಯುಧ’ ಅಂತ ಹೊಸ ಹೆಸರು ಹುಡುಕಲಿಲ್ಲ. ಒನಕೆಯ ಹೆಸರನ್ನೇ ಓಬವ್ವನಿಗೆ ಕೊಟ್ಟರು, ಒನಕೆ ಓಬವ್ವ ಅಂದರು. ನನ್ನ ಕಥೆಯಲ್ಲೂ ಈ ದಾರಿಯೇ ಸರಿ ಅನ್ನಿಸುತ್ತದೆ. ಹಾರೆ ಹಾರೆಯಾಗಿಯೇ ಇರಲಿ, ಪಿಕಾಸಿ ಪಿಕಾಸಿಯಾಗಿಯೇ ಇರಲಿ. ಎಲ್ಲವನ್ನೂ ಕೂಡಿಸಿ ಹೇಳುವಾಗ ಮಾತ್ರ ಹತಾರ.

ಹಾರೆ ಗುದ್ದಲಿಗಳು ಯುದ್ಧಕ್ಕೆ ಇಳಿದದ್ದಕ್ಕೆ ರಾಯಚೂರಿನಲ್ಲೇ ಒಂದು ದೊಡ್ಡ ಸಾಕ್ಷಿ ಇದೆ. 1520ರಲ್ಲಿ ಕೃಷ್ಣದೇವರಾಯ ಆದಿಲ್ ಶಾಹಿಯವರ ಕೈಯಲ್ಲಿದ್ದ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ನೂನಿಜ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕೋಟೆಯ ಮೇಲೆ 200 ದೊಡ್ಡ ತೋಪುಗಳು, ಕಲ್ಲು ಎಸೆಯುವ 30 ಯಂತ್ರಗಳು ಇದ್ದವಂತೆ. ರಾಯನ ಆಳುಗಳು ಹಾರೆ, ಪಿಕಾಸಿ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿಗೆ ಅದರ ಗಾತ್ರ ನೋಡಿ ಹಣ ಕೊಡುತ್ತಿದ್ದರು. ಮೇಲಿನಿಂದ ಹೊಡೆಯುವವರನ್ನು ರಾಯನ ಕಡೆ ನಿಂತಿದ್ದ ಪೋರ್ಚುಗೀಸನಾದ ಕ್ರಿಸ್ತೊವಾವ್ ದೆ ಫಿಗೆರೆದು ಮತ್ತು ಅವನ ಜೊತೆಗಾರರು ಬಂದೂಕಿನಿಂದ ಉರುಳಿಸಿದ ಮೇಲೆ ಈ ಕೆಲಸ ಸಲೀಸಾಯಿತು. ಅಂದರೆ ಅಷ್ಟೊಂದು ತೋಪುಗಳ ಎದುರು ಗೋಡೆ ಒಡೆದದ್ದು ಹೊಲದ ಸಾಮಾನು. ನನ್ನ ಕಥೆಯ ಒಂದು ಅಜ್ಜನ ಪಾತ್ರ ಇದನ್ನು ಹುಡುಗರಿಗೆ ಹೇಳುತ್ತದೆ.

ಅದೇ ರಾಯಚೂರು ಕೋಟೆಯಲ್ಲಿ 1294ರ ಶಾಸನದ ಕಲ್ಲಿದೆ. ಉದ್ದ 41 ಅಡಿಗೂ ಜಾಸ್ತಿ. ಕಾಕತೀಯರ ಕಾಲದ್ದು. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಕೆತ್ತಿದ್ದಾರೆ. ಜಾನುವಾರುಗಳ ಉದ್ದ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ಡೀಸೆಲ್ ಮುಗಿದ ಮೇಲೆ ನನ್ನ ಕಥೆಯ ಜನ ಗುಂಡುಗಲ್ಲು ಸಾಗಿಸಬೇಕು. ‘ಸನ್ನೆಗೋಲು’, ‘ಸನ್ನೆ ಹಾಕು’ ಅನ್ನುವ ಮಾತು ಅಲ್ಲಿಂದ ಸಿಕ್ಕಿತು.

ಇದು ಇದ್ದದ್ದನ್ನೇ ಎತ್ತಿಕೊಂಡ ಆಯುಧದ ಮಾತಾಯಿತು. ಇದ್ದದ್ದರಿಂದ ಹೊಸದಾಗಿ ಮಾಡಿಕೊಂಡದ್ದು ಬೇರೆ ಜಾತಿ. ಇದಕ್ಕೆ ಕನ್ನಡದಲ್ಲಿ ಹೆಸರಿನ ಮುಂದೆ ಸೇರಿಸುವ ಒಂದು ಒಳ್ಳೆಯ ಮಾತು ಆಗಲೇ ಇದೆ, ‘ನಾಡ’. ನಾಡ ಬಂದೂಕು, ನಾಡ ಪಿಸ್ತೂಲು ಎಲ್ಲರಿಗೂ ಗೊತ್ತು. ಕಾರ್ಖಾನೆಯದ್ದಲ್ಲ, ಊರಲ್ಲೇ ಮಾಡಿದ್ದು ಅನ್ನುವುದು ತಟ್ಟನೆ ತಿಳಿಯುತ್ತದೆ. ಹಾಗಾದರೆ ‘ನಾಡ ತೋಪು’, ‘ನಾಡ ಫಿರಂಗಿ’ ಅನ್ನಬಹುದು. ನನಗೆ ‘ನಾಡ ತೋಪು’ ಇಷ್ಟ. ತೋಪು ತುರ್ಕಿಯಿಂದ ಬಂದ ಮಾತಾದರೂ ಕುಶಾಲತೋಪಿನಿಂದಾಗಿ ಮನೆಮಾತಾಗಿದೆ. ಫಿರಂಗಿಯಲ್ಲಿ ಪರದೇಶದವನ ನೆನಪಿದೆ. ಯುರೋಪಿನವನನ್ನು ಫಿರಂಗಿ, ಪರಂಗಿ ಅನ್ನುತ್ತಿದ್ದರು. ಅವರ ಕಾಲದಲ್ಲಿ ಬಂದ ಹಣ್ಣೂ ಪರಂಗಿ ಹಣ್ಣಾಯಿತು. ಊರವರೇ ಮಾಡಿದ್ದನ್ನು ‘ನಾಡ ಫಿರಂಗಿ’ ಅಂದರೆ ಎರಡು ಮಾತೂ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ.

ತಗಡು ಬಡಿಸಿದ ಟ್ರ್ಯಾಕ್ಟರಿಗೆ ಹೊಸ ಪದವೇ ಬೇಡ ಅನ್ನಿಸುತ್ತದೆ. ಲಾರಿಗೆ ‘ಬಾಡಿ ಕಟ್ಟಿಸುವುದು’ ನಮ್ಮ ಗ್ಯಾರೇಜುಗಳ ಮಾತು. ‘ಕಟ್ಟಿಸಿದ ಟ್ರ್ಯಾಕ್ಟರ್’ ಅಂದರೆ ಮುಗಿಯಿತು. ಭತ್ತದ ಕೆಸರಿಗೆ ಹಾಕುವ ಕಬ್ಬಿಣದ ಗಾಲಿ ಅದಕ್ಕೆ ಇದ್ದೇ ಇರುತ್ತದೆ. ‘ಕವಚವಾಹನ’ ಅಂತ ಬರೆದರೆ ಓದುಗರು ಕಥೆಯಿಂದ ಹೊರಗೆ ಬೀಳುತ್ತಾರೆ.

ಈಗ ನನಗೆ ತುಂಬಾ ಆಸೆ ಇರುವ ಪದ. ಹಗ್ಗದ ಮಡಿಕೆಯಲ್ಲಿ ಕಲ್ಲಿಟ್ಟು ಬೀಸುವುದು ಕವಣೆ. ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಹಕ್ಕಿ ಓಡಿಸುವವರ ಕೈಯಲ್ಲಿ ಅದನ್ನು ನೋಡಿದ್ದೇವೆ. ರಬ್ಬರಿನದ್ದು ಚಾಟಿಬಿಲ್ಲು, ಅದು ಬೇರೆ. ಕೋಟೆಯ ಮೇಲಿಂದ ದೊಡ್ಡ ಕಲ್ಲು ಎಸೆಯುವ ಯಂತ್ರಕ್ಕೆ ಹಳೆಯ ಕಾವ್ಯಗಳ ಯುದ್ಧವರ್ಣನೆಯಲ್ಲಿ ‘ಡೆಂಕಣಿ’ ಅನ್ನುವ ಪದವಿದೆ. ಎಂಥ ಪದ ನೋಡಿ. ಬಾಯಲ್ಲಿ ಹೇಳಿದರೇ ಕಲ್ಲು ಬಂಡೆಗೆ ಬಡಿದಂತೆ ಕೇಳಿಸುತ್ತದೆ. ನೂನಿಜ್ ಹೇಳುವ ಆ 30 ಯಂತ್ರಗಳನ್ನು ಕನ್ನಡದಲ್ಲಿ ಹೇಳಬೇಕಾದರೆ ಡೆಂಕಣಿಯೇ ಸರಿ. ಇದನ್ನು ಅರ್ಥ ಕೊಡದೆ ಬಳಸಿದರೆ ಇವತ್ತಿನ ಓದುಗರಿಗೆ ತಿಳಿಯುತ್ತದೆಯೇ ಅನ್ನುವುದೇ ಚಿಂತೆ. ‘ಡೆಂಕಣಿ ಕಲ್ಲು’ ಅಂತ ಒಮ್ಮೆ ಜೋಡಿಸಿ ಹೇಳಿ, ಆಮೇಲೆ ಬರೀ ‘ಡೆಂಕಣಿ’ ಅಂದರೆ ಸಾಕಾಗಬಹುದು.

ಅದನ್ನು ಎಲ್ಲಿ ಇಡಬೇಕು ಅನ್ನುವುದೂ ತೀರ್ಮಾನವಾಗಿದೆ. ಬಳ್ಳಾರಿ ಗುಡ್ಡದ ಮೇಲಿನ ಕೋಟೆ ಹನುಮಪ್ಪ ನಾಯಕನದ್ದು. ಕೆಳಕೋಟೆಯನ್ನು ಹೈದರಾಲಿ ಫ್ರೆಂಚ್ ಎಂಜಿನಿಯರನ ಕೈಯಲ್ಲಿ ಕಟ್ಟಿಸಿದ. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ, ಅಲ್ಲಿಂದ ಕೋಟೆಯೊಳಕ್ಕೆ ಹೊಡೆಯಬಹುದು. ಅದಕ್ಕೆ ಆ ಎಂಜಿನಿಯರನನ್ನು ಗಲ್ಲಿಗೇರಿಸಿದ ಅಂತ ಊರಲ್ಲಿ ಕಥೆಯಿದೆ. ನನ್ನ ಜನ ಡೆಂಕಣಿಯನ್ನು ಕುಂಬಾರ ಗುಡ್ಡಕ್ಕೇ ಏರಿಸುತ್ತಾರೆ.

ಕ್ರಿಯಾಪದಗಳ ಬಗ್ಗೆಯೂ ನಿಮ್ಮ ಕಿವಿ ಬೇಕು. ಹೆಸರಿಗಿಂತ ಇವೇ ಕಥೆಯನ್ನು ಹೊರುವುದು. ಎಲ್ಲ ಕಡೆಯೂ ‘ದಾಳಿ ಮಾಡಿದರು’ ಅಂದರೆ ಸಪ್ಪೆ. ಒನಕೆಯಿಂದ ಕುಟ್ಟುತ್ತಾರೆ, ಸಮ್ಮಟಿಯಿಂದ ಬಡಿಯುತ್ತಾರೆ, ಗುಂಡುಗಲ್ಲಿನಿಂದ ಜಜ್ಜುತ್ತಾರೆ, ಹಾರೆಯಿಂದ ಮೀಟುತ್ತಾರೆ, ಕವಣೆ ಬೀಸುತ್ತಾರೆ, ತೋಪು ಹಾರಿಸುತ್ತಾರೆ. ಟ್ರ್ಯಾಕ್ಟರಿಗೆ ಪತ್ರಿಕೆಗಳಲ್ಲಿ ‘ಹರಿಸಿ’ ಅಂತ ಬರುತ್ತದೆ, ಜನ ‘ಹಾಯಿಸಿ’ ಅನ್ನುತ್ತಾರೆ. ನಾನು ‘ಹಾಯಿಸಿ’ ಬರೆದಿದ್ದೇನೆ. ಜಾಂಬಿ ಕಥೆಗಳ ಕಟ್ಟಳೆಯಂತೆ ತಲೆಗೆ ಪೆಟ್ಟು ಬಿದ್ದರೆ ಮಾತ್ರ ಅದು ಬೀಳುವುದರಿಂದ ‘ಜಜ್ಜು’ ಪದೇ ಪದೇ ಬರುತ್ತಿದೆ. ಬೇರೆ ಮಾತು ಹೊಳೆದರೆ ಹೇಳಿ. ಡೆಂಕಣಿಗೆ ಯಾವ ಕ್ರಿಯೆ ಸೇರಬೇಕು? ‘ಡೆಂಕಣಿ ಹೂಡಿದರು’ ನನಗೆ ಚೆನ್ನಾಗಿ ಕೇಳುತ್ತದೆ. ನೇಗಿಲು ಹೂಡುತ್ತೇವೆ, ಬಾಣ ಹೂಡುತ್ತೇವೆ, ಹಾಗಾಗಿ ಎರಡು ಲೋಕವೂ ಅದರಲ್ಲಿದೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಮಾನ್ವಿ, ಲಿಂಗಸುಗೂರು, ಗಂಗಾವತಿ, ಕುಷ್ಟಗಿ ಕಡೆಯವರು ನಿಮ್ಮ ಮನೆಯಲ್ಲಿ ‘ಹತಾರ’ ಅನ್ನುತ್ತಾರೋ ‘ಹತ್ಯಾರ’ ಅನ್ನುತ್ತಾರೋ ತಿಳಿಸಿ. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರ ಬಳಿ ಬಂಡೆ ಒಡೆಯುವ ಸಾಮಾನಿಗೆ ಬೇರೆ ಹೆಸರುಗಳು ಇದ್ದೇ ಇರುತ್ತವೆ, ಅವೂ ಬೇಕು. ‘ಡೆಂಕಣಿ’ಯನ್ನು ಯಾರಾದರೂ ಮಾತಿನಲ್ಲಿ, ಗಾದೆಯಲ್ಲಿ, ಬೈಗುಳದಲ್ಲಾದರೂ ಕೇಳಿದ್ದರೆ ದಯವಿಟ್ಟು ಯಾವ ಊರು ಅಂತ ಬರೆಯಿರಿ. ಬಳ್ಳಾರಿ ಪೇಟೆಯವರು ‘ವಜ್ಜೆ’ ಅನ್ನುತ್ತಾರೋ, ತೆಲುಗಿನ ನೆರಳಲ್ಲಿ ‘ಬರುವು’ ಅಂತಲೂ ಅನ್ನುತ್ತಾರೋ, ಅದೂ ಮುಖ್ಯ.

ಕೊನೆಗೆ ಒಂದೇ ಜಾಗವನ್ನು ಎರಡು ಬಗೆಯಲ್ಲಿ ಬರೆದು ಕೊಡುತ್ತಿದ್ದೇನೆ.

‘ವಜ್ಜೆ ಹತಾರಗಳನ್ನು ಗಾಡಿಗೆ ಹೇರಿ ಕುಂಬಾರ ಗುಡ್ಡದ ಬುಡಕ್ಕೆ ತಂದರು. ಹುಡುಗರು ಸನ್ನೆ ಹಾಕಿ ಕಲ್ಲು ಏರಿಸಿದರು. ನೆತ್ತಿಯಲ್ಲಿ ಡೆಂಕಣಿ ಹೂಡಿದರು.’

‘ಭಾರಿ ಆಯುಧಗಳನ್ನು ವಾಹನದಲ್ಲಿ ಕುಂಬಾರ ಗುಡ್ಡದ ತಪ್ಪಲಿಗೆ ಸಾಗಿಸಿದರು. ಯುವಕರು ಬಂಡೆಗಳನ್ನು ಮೇಲಕ್ಕೆ ಒಯ್ದರು. ಶಿಖರದಲ್ಲಿ ಕಲ್ಲೆಸೆಯುವ ಯಂತ್ರವನ್ನು ಸಜ್ಜುಗೊಳಿಸಿದರು.’

ಮೊದಲನೆಯದೇ ಇರಲಿ ಅಂತ ನನ್ನ ಮನಸ್ಸು. ಬೆಂಗಳೂರು, ಮಂಗಳೂರಿನ ಓದುಗರು ಅದರಲ್ಲಿ ಎಲ್ಲಿ ಎಡವುತ್ತೀರಿ ಅಂತ ಹೇಳಿದರೆ ಆ ಜಾಗವನ್ನು ಇನ್ನೊಮ್ಮೆ ನೋಡುತ್ತೇನೆ.